ಕೊಯ್ಯದ ಹುಲ್ಲಿನ ಮೇಲಿನ ಹಿಮ

ಚಿಮಣಿ ಗುಡಿಸುವವರನ್ನು ಮುಟ್ಟಿದರೆ ಅದೃಷ್ಟ ಬರುತ್ತದೆ ಎಂದು ಟಿರೋಲ್ ಪರ್ವತಸೀಮೆಯ ನಮ್ಮ ಕಣಿವೆಯಲ್ಲಿ ಈಗಲೂ ನಂಬುತ್ತಾರೆ. ಓದಿದವರೂ ನಂಬುತ್ತಾರೆ. ಫಿಲೊಮೇನಾ ಉಂಟರ್‌ವೆಗರ್ ರೊಟ್ಟಿ ಕೊಳ್ಳಲು ಅಂಗಡಿಯ ಮುಂದೆ ನಿಂತರೆ ಸಾಕು, ಯಾರಾದರೊಬ್ಬರು ಹಿಂದಿನಿಂದ ಬಂದು ಅವಳ ಕರಿ ಅಂಗಿಯ ತೋಳನ್ನು ಬೆರಳ ತುದಿಯಿಂದ ಸವರಿಕೊಂಡು ಹೋಗುತ್ತಾರೆ. ಅವಳಿಗೆ ಇದು ಎಂದೂ ಹಿಡಿಸಲಿಲ್ಲ. "ಮಸಿ ಬೇಕಿದ್ರೆ ನಿಮ್ಮನೆ ಹೊಗೆಕೊಳವೇಲೇ ಬೇಕಾದಷ್ಟಿದೆ, ಅಲ್ಲೇ ಕೈ ಹಾಕಿ," ಎನ್ನುತ್ತಾಳೆ.

ಊರಿಗೆ ಅವಳು ಮೇನಾ. ಕುಳ್ಳು, ಅಗಲ ಭುಜ, ಮಸಿ ಕುಡಿದು ಒಡೆದ ದನಿ. ಹುಡುಗಿಯಾಗಿದ್ದಾಗ ಕೆಳಗಿನ ಪಟ್ಟಣಕ್ಕೆ ಹೋಗಿ ಈ ಕಸುಬು ಕಲಿತಳು. ಆಗ ಹೆಂಗಸರು ಯಾರೂ ಛಾವಣಿ ಹತ್ತುತ್ತಿರಲಿಲ್ಲ. ಗುರುವಾದವನು ಮೊದಲ ವರ್ಷವೆಲ್ಲ ಅವಳಿಂದ ಕುಂಚ ತೊಳೆಸಿದ. ಎರಡನೆಯ ವರ್ಷ ಅವನ ಸೊಂಟ ಹಿಡಿದುಕೊಂಡಿತು, ಇವಳು ಹತ್ತಿದಳು. ಅಲ್ಲಿಂದ ಇಲ್ಲಿಯವರೆಗೆ ಕಣಿವೆಯ ಪ್ರತಿ ಮನೆಯ ಒಲೆಯನ್ನೂ ಅವಳು ಬಲ್ಲಳು. ನನ್ನ ಮನೆಯದನ್ನೂ ಸೇರಿಸಿ.

ಊರಿನ ಹಿಮಕುಸಿತದ ಸಮಿತಿಗೆ ಅವಳನ್ನು ಸೇರಿಸಿಕೊಂಡದ್ದು ಹಿಮದ ಜ್ಞಾನಕ್ಕಾಗಿ ಅಲ್ಲ. ಚಳಿಗಾಲದಲ್ಲಿ ಯಾವ ರಸ್ತೆ ಮುಚ್ಚಬೇಕು, ಯಾವ ಮನೆ ಖಾಲಿ ಮಾಡಿಸಬೇಕು ಎಂದು ಊರ ಮೇಯರಿಗೆ ಹೇಳುವ ಸಮಿತಿ ಅದು. ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಯಾವ ಅಜ್ಜಿಗೆ ನಡೆಯಲಾಗದು, ಯಾವ ಅಜ್ಜ ಹೊರಡಲು ಒಪ್ಪದೆ ಹಠ ಹಿಡಿಯುತ್ತಾನೆ ಎಂಬುದು ತಿಳಿದವರು ಒಬ್ಬರು ಬೇಕಾಗಿತ್ತು.

"ನಂಗೆ ಹಿಮದ ಬಗ್ಗೆ ಏನೂ ಗೊತ್ತಿಲ್ಲ," ಎಂದಳಂತೆ ಮೇನಾ.

"ನಮಗೂ ಅಷ್ಟಕ್ಕಷ್ಟೇ. ನೀನು ಬಾ," ಎಂದನಂತೆ ಮೇಯರ್.

ಬಂದಳು. ಗೊತ್ತಿಲ್ಲದಿರುವುದು ಅವಳಿಗೆ ಸಹಿಸದ ವಿಷಯ. ಸಲಿಕೆ ಹಿಡಿದು ಇಳಿಜಾರುಗಳಲ್ಲಿ ಗುಂಡಿ ತೋಡಿದಳು, ತರಬೇತಿಗಳಿಗೆ ಹೋದಳು, ಹಿಮದ ಪದರಗಳನ್ನು ಬೆರಳಿಂದ ಒತ್ತಿ ನೋಡಲು ಕಲಿತಳು. ಗುಂಡಿಯ ತಳ ಸಿಕ್ಕಮೇಲೆ ಕೈಗವಸು ಬಿಚ್ಚಿ ಬರಿಗೈಯನ್ನು ನೆಲಕ್ಕೆ ಇಡುವುದು ಅವಳದೇ ಅಭ್ಯಾಸ. ಕೊಳವೆಯ ಇಟ್ಟಿಗೆ ಮುಟ್ಟಿ ಒಲೆ ಯಾವಾಗ ಆರಿತು ಎಂದು ಹೇಳುವವಳಿಗೆ ಅದು ಸಹಜವಾಗಿ ಬಂದಿರಬೇಕು. ಕೆಲವು ವರ್ಷಗಳ ನಂತರ ಪರ್ವತ ರಕ್ಷಣಾ ದಳದ ನಾಯಕತ್ವಕ್ಕೆ ಇಬ್ಬರು ಗಂಡಸರು ಮಾತು ಬಿಡುವಷ್ಟು ಕಿತ್ತಾಡಿದಾಗ, ಇಬ್ಬರ ಕಡೆಗೂ ಸೇರದ ಮೂರನೆಯವಳಾಗಿ ಮೇನಾ ನಾಯಕಿಯಾದಳು. ಆಮೇಲೆ ಬದಲಾಯಿಸುವ ಧೈರ್ಯ ಯಾರೂ ಮಾಡಲಿಲ್ಲ.

ಅವಳು ತಪ್ಪೇ ಮಾಡಲಿಲ್ಲವೆಂದಲ್ಲ. ಒಂದು ಜನವರಿಯಲ್ಲಿ ಶಾಲೆಯ ರಸ್ತೆಯನ್ನು ಹಟ ಹಿಡಿದು ಮುಚ್ಚಿಸಿದಳು. ಹೊಳೆಹೊಳೆಯುವ ಬಿಸಿಲು ಬಂತು, ಒಂದು ಹಿಡಿ ಹಿಮವೂ ಉರುಳಲಿಲ್ಲ. ಮಕ್ಕಳು ಅವಳಿಗೆ ಧನ್ಯವಾದದ ಚಿತ್ರ ಬರೆದು ಕಳಿಸಿದರು. ದೊಡ್ಡವರು ಬಾಯಿಗೆ ಬಂದದ್ದನ್ನು ಹೇಳಿದರು. ಅವಳು ಕ್ಷಮೆ ಕೇಳಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ.

ನಾನು ಹೇಳಹೊರಟಿರುವುದು ಅವಳ ಅಣ್ಣ ಕಾಸಿಯಾನನ ಕಾಲು ಹೋದ ಚಳಿಗಾಲದ ವಿಷಯ.

ಕಾಸಿಯಾನನದು ಕಣಿವೆಯ ಕೊನೆಯ ಮನೆ. ಬೇಸಿಗೆಯಲ್ಲಿ ಮೇಲಿನ ಕಡಿದಾದ ಮಾಳದಲ್ಲಿ ಹುಲ್ಲು ಕೊಯ್ದು, ಅಲ್ಲೇ ಇರುವ ಮರದ ಗುಡಿಸಲಿನಲ್ಲಿ ತುಂಬಿಡುತ್ತಾನೆ. ಮೊದಲ ಹಿಮ ಬಿದ್ದು ದಾರಿ ಜಾರುವಂತಾದಾಗ ಜಾರುಬಂಡಿಯಲ್ಲಿ ಹೊರೆ ಕಟ್ಟಿ ಕೆಳಗೆ ಎಳೆದು ತರುತ್ತಾನೆ. ಉಳಿದ ಮನೆಗಳವರು ಈ ಕೆಲಸ ಬಿಟ್ಟು ವರ್ಷಗಳಾದವು, ಇವನು ಬಿಟ್ಟಿಲ್ಲ. ಡಿಸೆಂಬರ್ ಮೊದಲ ವಾರದ ಸಂತ ನಿಕೊಲಾಸನ ಹಬ್ಬಕ್ಕೆ ಮುಂಚೆ ಮೊದಲ ಹೊರೆ ಕೊಟ್ಟಿಗೆಗೆ ಇಳಿಯಲೇಬೇಕು. ಅವರಪ್ಪನ ಕಾಲದಲ್ಲಿ ಹಾಗಿತ್ತು, ಅಜ್ಜನ ಕಾಲದಲ್ಲಿ ಹಾಗಿತ್ತು.

ಆ ಹುಲ್ಲುದಾರಿ ಕೋಫ್ಲರ್ ಇಳಿಜಾರಿನ ಬುಡದಲ್ಲೇ ಉದ್ದಕ್ಕೆ ಸಾಗುತ್ತದೆ. ಕೋಫ್ಲರ್ ಮನೆಯವರು ದನಗಳನ್ನು ಮಾರಿದ ಮೇಲೆ ಆ ಇಳಿಜಾರಿಗೆ ಕುಡುಗೋಲು ಬಿದ್ದಿಲ್ಲ. ಕೊಯ್ದ ಹುಲ್ಲಿನ ಮೊಂಡು ಕೂಳೆ ಹಿಮವನ್ನು ಹಿಡಿದುಕೊಳ್ಳುತ್ತದೆ. ಕೊಯ್ಯದೆ ಉದ್ದ ಬೆಳೆದ ಹುಲ್ಲು ಹಿಮದ ಭಾರಕ್ಕೆ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಕೆಳಮುಖವಾಗಿ ಮಲಗುತ್ತದೆ. ಅದರ ಮೇಲೆ ನಿಂತ ಹಿಮ ನಿಂತಿರುವುದಲ್ಲ, ಜಾರುವುದಕ್ಕೆ ಕಾಯುತ್ತಿರುವುದು.

ಆ ವರ್ಷ ಶರತ್ಕಾಲ ಬಹಳ ದಿನ ಬೆಚ್ಚಗೇ ಉಳಿಯಿತು. ನೆಲ ಹೆಪ್ಪುಗಟ್ಟುವ ಮೊದಲೇ ನವೆಂಬರ್ ಕೊನೆಯಲ್ಲಿ ಸೊಂಟದವರೆಗೆ ಹಿಮ ಒಂದೇ ಸಮ ಸುರಿಯಿತು. ಸ್ಕೀ ಹುಚ್ಚಿನವರೆಲ್ಲ ಬೀದಿಯಲ್ಲಿ ಕುಣಿದರು. ಮೇನಾ ಊರ ಹಿಂದೆ ಒಂದು ಗುಂಡಿ ತೋಡಿ, ತಳಕ್ಕೆ ಕೈ ಇಟ್ಟು, "ಒದ್ದೆ ಇದೆ. ಬೆಚ್ಚಗಿದೆ," ಎಂದು ಹೇಳಿ ಮನೆಗೆ ಹೋದಳು.

ಶುಕ್ರವಾರ ಅವಳಿಗೆ ಅಣ್ಣನ ಮನೆಯ ಚಿಮಣಿಯ ಸರದಿ. ಛಾವಣಿಯಿಂದ ಇಳಿದು ಮಸಿ ಮುಖದಲ್ಲೇ ಅಡುಗೆಮನೆಗೆ ಬಂದಳು. ಕಾಸಿಯಾನ್ ಜಾರುಬಂಡಿಯ ಅಡಿಗೆ ಮೇಣ ಉಜ್ಜುತ್ತ ಕೂತಿದ್ದ. ಎದುರಿಗೆ ನೆರೆಮನೆಯ ಸೆವೆರಿನ್, ಅವನ ಎಂದಿನ ಜೊತೆಗಾರ. ಕಾಸಿಯಾನನ ಹೆಂಡತಿ ಹೆಡ್ವಿಗ್ ಕ್ರಾಪ್ಫೆನ್ ಎಂಬ ಸಿಹಿ ಉಂಡೆಗಳನ್ನು ಕರಿಯುತ್ತಿದ್ದಳು. ಕರಿದದ್ದು ತಟ್ಟೆಗಿಂತ ಮೊದಲು ಸೆವೆರಿನನ ಬಾಯಿಗೆ ಹೋಗುತ್ತಿತ್ತು. ಈ ಮಾತುಕತೆಯನ್ನು ಹೆಡ್ವಿಗ್ ನನಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾಳೆ, ಒಮ್ಮೆಯೂ ಬದಲಾಯಿಸದೆ.

"ಕಾಸಿಯಾನ್, ನಾಳೆ ಹೋಗ್ಬೇಡ."

"ಎಲ್ಲಿಗೆ?"

"ಎಲ್ಲಿಗೆ ಅಂತೆ! ಬಂಡಿಗೆ ಮೇಣ ಬಳೀತಾ ಕೂತಿದ್ದೀಯ. ಅದರ ಮೇಲೆ ಕೂತ್ಕೊಂಡು ಚರ್ಚಿಗೆ ಹೋಗ್ತೀಯಾ?"

ಸೆವೆರಿನ್ ನಕ್ಕ. ಬಾಯಿಯಿಂದ ಸಕ್ಕರೆ ಪುಡಿ ಹಾರಿತು.

"ಕೋಫ್ಲರ್ ಇಳಿಜಾರು ಬಾಯಿ ಬಿಟ್ಟಿದೆ," ಎಂದಳು ಮೇನಾ. "ನಿಮ್ಮ ಛಾವಣಿ ಮೇಲಿಂದ ಕಾಣ್ತು. ಮೇಲ್ಗಡೆ ಒಂಟಿ ಲಾರ್ಚ್ ಮರ ಇದೆಯಲ್ಲ, ಅದರ ಎಡಕ್ಕೆ. ಹಿಮ ಸೀಳಿ ನೆಲ ಕಾಣ್ತಿದೆ, ಉದ್ದಕ್ಕೆ ಕಂದು ಗೆರೆ. ಮೀನು ಬಾಯಿ ತೆರೆದ ಹಾಗೆ."

"ಪ್ರತಿ ವರ್ಷ ಎಲ್ಲಾದ್ರೂ ಒಂದು ಕಡೆ ಬಾಯಿ ಬಿಡತ್ತೆ. ಮಾರ್ಚ್‌ವರೆಗೂ ಆಕಳಿಸ್ತಾ ಕೂತಿರತ್ತೆ, ಸೆವೆರಿನ್ ಥರ."

"ಕೂತಿರಬಹುದು. ನಾಳೇನೇ ಬರಲೂಬಹುದು. ಯಾವಾಗ ಅಂತ ಹೇಳಕ್ಕೆ ನಂಗೂ ಬರಲ್ಲ, ನಿಂಗೂ ಬರಲ್ಲ. ಅದಕ್ಕೇ ಅದರ ಕೆಳಗೆ ನಡೀಬೇಡ ಅಂತಿರೋದು."

"ಆ ದಾರೀಲಿ ಅಪ್ಪ ಹುಲ್ಲೆಳೆದ, ಅಜ್ಜ ಹುಲ್ಲೆಳೆದ. ಒಂದು ಸಲ, ಒಂದೇ ಒಂದು ಸಲ, ಅಲ್ಲಿ ಹಿಮ ಬಿದ್ದಿದ್ದು ಕೇಳಿದ್ದೀಯಾ?"

"ಆಗ ಕೋಫ್ಲರ್ ಮನೆಯವರು ಹುಲ್ಲು ಕೊಯ್ತಿದ್ರು. ಬೋಳಿಸಿದ ಗಡ್ಡದ ಥರ ಇರ್ತಿತ್ತು ಇಳಿಜಾರು. ಈಗ ಮೊಳದುದ್ದ ಬೆಳೆದು ಮಲಗಿದೆ. ನೀನು ನೋಡೋದು ನಿನ್ನ ಮಾಳ ಮಾತ್ರ."

"ಈಗೇನು, ಅವರ ಹುಲ್ಲಿಗೂ ನಾನೇ ಹೊಣೆಯಾ?"

"ಹೊಣೆ ಯಾರದಾದ್ರೂ ಹಿಮ ಬೀಳೋದು ನಿನ್ನ ತಲೆ ಮೇಲೆ."

ಹೆಡ್ವಿಗ್ ಒಲೆಯ ಕಡೆಯಿಂದ ತಿರುಗಿ ಕೇಳಿದಳು: "ಬೆಳಿಗ್ಗೆ ಬೇಗ ಹೋದ್ರೆ ಗಟ್ಟಿ ಇರಲ್ವಾ, ಮೇನಾ?"

"ಗಟ್ಟಿ ಇರೋದು ಮೇಲ್ಗಡೆ. ಜಾರೋದು ಅಡಿಯಿಂದ. ಅಡೀಲಿ ನೆಲ ಬೆಚ್ಚಗೆ, ಹುಲ್ಲು ಒದ್ದೆ. ಅದಕ್ಕೆ ಬೆಳಿಗ್ಗೆ, ಸಂಜೆ ಅಂತೆಲ್ಲ ಇಲ್ಲ."

"ಕಾಡಿನ ಏಣು ಇದೆಯಲ್ಲ, ಆ ಚೂಪು ದಿಣ್ಣೆ, ಅದರ ಮೇಲೆ ಬಂಡಿ ಇಳಿಯಲ್ಲ," ಎಂದ ಕಾಸಿಯಾನ್, ಮೇಣ ಕೆಳಗಿಟ್ಟು. "ಇರೋದು ಇದೊಂದೇ ದಾರಿ. ಬೆಳಿಗ್ಗೆ ಹೋಗ್ತೀವಿ, ಊಟಕ್ಕೆ ಮನೇಲಿರ್ತೀವಿ. ನಿನ್ನ ಸಮಿತಿಗೆ ನನ್ನ ಹುಲ್ಲುದಾರಿ ಮುಚ್ಚೋ ಅಧಿಕಾರ ಇದೆಯಾ?"

ಇರಲಿಲ್ಲ. ಸಮಿತಿಯ ಮಾತು ನಡೆಯುವುದು ಊರ ರಸ್ತೆಗೆ ಮಾತ್ರ. ಅದು ಮೇನಾಗೂ ಗೊತ್ತಿತ್ತು.

ಅವಳು ಕುಂಚ ಎತ್ತಿಕೊಂಡು ಹೊರಟಾಗ ಸೆವೆರಿನ್ ಎದ್ದು ಬಂದು ಅವಳ ತೋಳು ಸವರಿದ. "ಬಿಡೇ, ಅದೃಷ್ಟ ತಗೊಂಡೆವಲ್ಲ, ಇನ್ನೇನು!"

ಮೇನಾ ಅವನ ಕೈಯನ್ನು ಛಟೀರನೆ ಹೊಡೆದಳು. "ಅದೃಷ್ಟ ಬೇಕಾಗೋ ದಾರಿಗೆ ಹೋಗೋದೇ ತಪ್ಪು, ದಡ್ಡ."

ಮರುದಿನ ಇಬ್ಬರೂ ಹೋದರು. ಕೋಫ್ಲರ್ ಇಳಿಜಾರಿನ ಬುಡದಲ್ಲೇ ನಡೆದು ಸುರಕ್ಷಿತವಾಗಿ ಮೇಲೆ ಮುಟ್ಟಿದರು. ಏನೂ ಆಗಲಿಲ್ಲ.

ಆದದ್ದು ಗುಡಿಸಲಿನ ಬಳಿ. ಹೊರೆ ಕಟ್ಟಿ ಮುಗಿಸುವಾಗ ಜಾರುಬಂಡಿಗೆ ಕೊಟ್ಟಿದ್ದ ಅಡ್ಡಗಲ್ಲು ಹಿಮದಲ್ಲಿ ಹುದುಗಿಹೋಗಿ ಬಂಡಿ ಹೊರಟಿತು. ಕಾಸಿಯಾನನ ಕಾಲನ್ನು ಬಂಡೆಗೆ ಒತ್ತಿ ನಿಂತಿತು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಸೆವೆರಿನ್ ಮೇನಾಗೆ ಫೋನ್ ಮಾಡಿದ. ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯೇ ರಕ್ಷಣಾ ದಳದ ಕೋಣೆ. ಅಂದು ಅಲ್ಲಿ ಮಕ್ಕಳಿಗೆ ಹಂಚುವ ಹಬ್ಬದ ಚೀಲಗಳಿಗೆ ಕಡಲೆಕಾಯಿ, ಕಿತ್ತಳೆ ತುಂಬುತ್ತಿದ್ದ ಹೆಂಗಸರಲ್ಲಿ ನಾನೂ ಇದ್ದೆ. ಮೇನಾ ಫೋನನ್ನು ಮೇಜಿನ ಮೇಲೆ ಜೋರಾಗಿ ಕೇಳುವಂತೆ ಇಟ್ಟು ಬೂಟು ಹಾಕಿಕೊಳ್ಳತೊಡಗಿದಳು. ಆದ್ದರಿಂದ ಎಲ್ಲವೂ ಎಲ್ಲರಿಗೂ ಕೇಳಿಸಿತು.

"ರಕ್ತ ನಿಲ್ತಿಲ್ಲ, ಮೇನಾ. ಮಂಡಿ ಕೆಳಗೆಲ್ಲ ಜಜ್ಜಿಹೋಗಿದೆ."

"ಬಟ್ಟೆ ಇಟ್ಟು ಒತ್ತು. ನಿನ್ನ ಮಂಡಿ ಊರಿ, ಪೂರ್ತಿ ಭಾರ ಬಿಟ್ಟು ಒತ್ತು."

"ಒತ್ತಿದೀನಿ. ಬರ್ತಾನೇ ಇದೆ."

"ಬೆಲ್ಟ್ ಬಿಚ್ಚು. ತೊಡೆಗೆ ಸುತ್ತು. ಕೋಲು ಸಿಕ್ಕಿಸಿ ತಿರುಗಿಸು. ಕಿರುಚಿದ್ರೂ ತಿರುಗಿಸು."

ಕಾಸಿಯಾನ್ ಕಿರುಚಿದ್ದು ಕೇಳಿಸಿತು. ಕಿತ್ತಳೆಯೊಂದು ಮೇಜಿನಿಂದ ಉರುಳಿ ಬಿತ್ತು; ಯಾರೂ ಎತ್ತಲಿಲ್ಲ.

"ನಿಂತಿತು," ಎಂದ ಸೆವೆರಿನ್.

"ಇನ್ನು ಅದನ್ನ ಬಿಚ್ಬೇಡ, ಅವನೇ ಬೇಡಿಕೊಂಡ್ರೂ ಸರಿ. ಹುಲ್ಲೊಳಗೆ ಹೂತು ಮಲಗಿಸು, ಬೆಚ್ಚಗಿರ್ಲಿ. ಮಾತಾಡಿಸ್ತಿರು. ನೀನು ಕೆಳಗಿಳೀಬೇಡ."

"ಬೇಗ ಬನ್ನಿ. ದಾರಿ ಚೆನ್ನಾಗಿದೆ, ಮೇನಾ. ಬೆಳಿಗ್ಗೆ ಚರ್ಚಿನ ನೆಲದ ಹಾಗಿತ್ತು."

ಮೇನಾ ಹೆಲಿಕಾಪ್ಟರಿಗೆ ಕೇಳಿದಳು. ಮೋಡ ಕಣಿವೆಯ ಬಾಯಿಯನ್ನೇ ಮುಚ್ಚಿತ್ತು, ಹಾರುವಂತಿಲ್ಲ ಎಂದರು. ಅಷ್ಟರಲ್ಲಿ ದಳದವರು ಸೇರಿದರು, ಮೇನಾಳೂ ಸೇರಿ ಆರು ಜನ. ಮೊದಲು ಬಂದವನು ಕಾಸಿಯಾನನ ಮಗ ಆಂಬ್ರೋಸ್. ಮರದ ಮಿಲ್ಲಿನಲ್ಲಿ ಕೆಲಸ ಮಾಡುವವನು, ಮದುವೆಯಾಗಿ ಎರಡು ಮಕ್ಕಳ ತಂದೆ, ದಳದಲ್ಲಿ ಎಲ್ಲರಿಗಿಂತ ಗಟ್ಟಿಗ. ಸ್ಕೀ ಹೆಗಲ ಮೇಲಿತ್ತು.

"ಏಣಿನ ಮೇಲೆ ಹೋಗ್ತೀವಿ," ಎಂದಳು ಮೇನಾ. "ಕಾಡಿನ ಒಳಗಿಂದ."

ಹುಲ್ಲುದಾರಿಯಲ್ಲಿ ಹೋದರೆ ಗಂಟೆಯ ಮಾತು. ಕಾಡಿನ ಏಣು ಹತ್ತಿ ಹೋದರೆ ಅದರ ಮೂರು ಪಟ್ಟು. ಹೊತ್ತುಕೊಂಡು ಇಳಿಯುವುದು ಇನ್ನೂ ಬೇರೆ.

"ಅತ್ತೆ, ಬೆಳಿಗ್ಗೆ ತಾನೇ ಅಪ್ಪ ಅಲ್ಲಿ ನಡೆದುಹೋಗಿದ್ದಾನೆ," ಎಂದ ಆಂಬ್ರೋಸ್. "ಹೆಜ್ಜೆ ಹಾಗೇ ಇದೆ. ಹಿಮ ನಿಂತಿದೆ ಅಂತ ಅದಕ್ಕಿಂತ ಸಾಕ್ಷಿ ಬೇಕಾ?"

"ಅವನು ನಡೆದಾಗ ನಿಂತಿತ್ತು. ಅದಕ್ಕಷ್ಟೇ ಸಾಕ್ಷಿ."

"ಒಬ್ಬೊಬ್ಬರಾಗಿ ಹೋಗೋಣ. ದೂರ ದೂರ. ಎಲ್ಲರ ಎದೆ ಮೇಲೂ ಸಂಕೇತದ ಪೆಟ್ಟಿಗೆ ಇದೆ, ಸಲಿಕೆ ಇದೆ."

"ದಾಟೋದಾಗಿದ್ರೆ ಒಬ್ಬೊಬ್ಬರಾಗಿ ದಾಟಬಹುದಿತ್ತು. ಇದು ದಾಟೋದಲ್ಲ, ಉದ್ದಕ್ಕೂ ಅದರ ಕೆಳಗೇ ನಡೆಯೋದು. ಪೆಟ್ಟಿಗೆ ಇರೋದು ಹೂತ ಮೇಲೆ ಹುಡುಕಕ್ಕೆ. ಹೂಳದೆ ಇರೋ ಹಾಗೆ ಮಾಡಕ್ಕಲ್ಲ."

"ಹಾಗಾದ್ರೆ ನಾನೊಬ್ಬನೇ ಹೋಗ್ತೀನಿ. ನನ್ನ ಅಪ್ಪ, ನನ್ನ ಜೀವ. ನಿಂಗೇನು?"

ಮೇನಾ ಬಾಗಿಲಿಗೆ ಅಡ್ಡ ಬಂದು ನಿಂತಳು. ದನಿ ಏರಿಸಲಿಲ್ಲ. ಅವಳಿಗೆ ಏರಿಸುವಷ್ಟು ದನಿಯೂ ಇಲ್ಲ.

"ನೀನೊಬ್ಬನೇ ಹೋಗ್ತೀಯ. ಹೂತುಹೋಗ್ತೀಯ. ಆಗ ಇವರೆಲ್ಲ ನಿನ್ನ ತೋಡಕ್ಕೆ ಅದೇ ಜಾಗಕ್ಕೆ ಬರ್ಬೇಕು. ಬರಬೇಡಿ ಅಂದ್ರೆ ಕೇಳ್ತಾರಾ? ಕೇಳಲ್ಲ. ಅಲ್ಲಿ ಮೇಲೆ ನಿಮ್ಮಪ್ಪ ಕಾಯ್ತಾನೇ ಇರ್ತಾನೆ, ಹೋಗಕ್ಕೆ ಯಾರೂ ಇರಲ್ಲ. ನಿನ್ನ ಜೀವ ಒಂದೇ ಆಗಿದ್ರೆ ಬಾಗಿಲು ಬಿಡ್ತಿದ್ದೆ."

"ಆ ಕಟ್ಟು..." ಆಂಬ್ರೋಸನ ಮಾತು ತಡವರಿಸಿತು. "ಅಷ್ಟು ಹೊತ್ತು ಕಟ್ಟಿಟ್ರೆ ಕಾಲು ಸಾಯತ್ತೆ. ತರಬೇತೀಲಿ ನೀನೇ ಹೇಳಿಕೊಟ್ಟಿದ್ದು."

"ಹೌದು. ಸಾಯಬಹುದು."

"ಅದು ನಿನ್ನ ಅಣ್ಣನ ಕಾಲು!"

"ಯಾರ ಕಾಲು ಅಂತ ನಂಗೊತ್ತು." ಅವಳು ಹಗ್ಗದ ಸುರುಳಿಯನ್ನು ಅವನ ಹೆಗಲಿಗೆ ಹಾಕಿದಳು. "ನೀನೇ ಮುಂದೆ ನಡಿ. ಕೋಪವೆಲ್ಲ ಕಾಲಿಗಿಳೀಲಿ. ಬೇಗ ಹೋಗ್ತೀವಿ."

ಅವನು ಅವಳ ಮುಖಕ್ಕೆ ಉಗುಳುತ್ತಾನೇನೋ ಎಂದುಕೊಂಡೆ. ಉಗುಳಲಿಲ್ಲ. ನಡೆದ.

ಚಳಿಗಾಲದ ಆರಂಭದ ಹಿಮದಲ್ಲಿ ಕಾಡು ಹತ್ತುವುದು ಕೆಟ್ಟ ಕೆಲಸ. ಹಿಮ ಮೇಲೆ ಮುಚ್ಚಿದಂತೆ ಕಾಣುತ್ತದೆ, ಅಡಿಯಲ್ಲಿ ಎಲ್ಲವೂ ಟೊಳ್ಳು. ಕಲ್ಲುಗಳ ನಡುವಿನ ಸಂದಿಗೆ ತೊಡೆಯವರೆಗೆ ಇಳಿಯುತ್ತದೆ ಕಾಲು. ಬಿದ್ದ ಮರಗಳು, ಬೇರುಗಳು ಸ್ಕೀ ಹಲಗೆಯನ್ನು ಹಿಡಿದೆಳೆಯುತ್ತವೆ. ಸ್ವಲ್ಪ ದೂರ ಹೋಗಿ ಸ್ಕೀಗಳನ್ನು ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡರು. ಗಾಯಾಳುವಿನ ಜಾರುಹಾಸಿಗೆಯನ್ನು ಇಬ್ಬರು ಸರದಿಯಂತೆ ಹೊತ್ತರು. ಆಂಬ್ರೋಸ್ ಮುಂದೆ, ಹಿಂದೆ ತಿರುಗಿ ನೋಡದೆ. ಎಲ್ಲರಿಗಿಂತ ಹಿಂದೆ ಮೇನಾ, ಐವತ್ತು ದಾಟಿದವಳು, ಸಮ ಉಸಿರಿನಲ್ಲಿ. ನಿಲ್ಲೋಣ ಎಂದವನಿಗೆ, "ಮೇಲೆ ನಿಲ್ಲು," ಎಂದಳು.

ಅರ್ಧದಾರಿಯಲ್ಲಿ ಮೋಡ ಒಂದಿಷ್ಟು ಸರಿಯಿತು. ಎದುರಿಗೇ ಕೋಫ್ಲರ್ ಇಳಿಜಾರು ಕಂಡಿತು. ಮೇಲೆ ಕಂದು ಬಾಯಿ, ನಿನ್ನೆಗಿಂತ ಅಗಲ. ಬುಡದಲ್ಲಿ, ದಾರಿಯ ಮೇಲೆ, ಬೆಳಿಗ್ಗೆ ಇಬ್ಬರು ಎಳೆದುಕೊಂಡು ಹೋದ ಜಾರುಬಂಡಿಯ ಗೆರೆ ಅಚ್ಚುಕಟ್ಟಾಗಿತ್ತು.

"ನಿಂತಿದೆ," ಎಂದ ಆಂಬ್ರೋಸ್, ಯಾರನ್ನೂ ನೋಡದೆ.

"ಹೌದು. ನಡಿ," ಎಂದಳು ಮೇನಾ.

ಕಾಸಿಯಾನ್ ಹುಲ್ಲಿನೊಳಗೆ ಬೂದಿ ಬಣ್ಣವಾಗಿ ಮಲಗಿದ್ದ. ಪ್ರಜ್ಞೆ ಇತ್ತು. ಸೆವೆರಿನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡು, ಬೈಗುಳ, ಪ್ರಾರ್ಥನೆ ಎಲ್ಲವನ್ನೂ ಬೆರೆಸಿ ಏನೇನೋ ಹೇಳುತ್ತಿದ್ದ.

"ತಡ ಮಾಡಿದೆಯಲ್ಲ," ಎಂದ ಕಾಸಿಯಾನ್ ತಂಗಿಗೆ.

"ಹೌದು."

"ಏಣಿನ ಮೇಲೆ ಬಂದ್ಯಾ?"

"ಹೌದು. ಅದರ ಮೇಲೇ ಇಳಿಸ್ತೀನಿ. ಹಲ್ಲು ಕಚ್ಚಿಕೋ."

ಹಗ್ಗ ಬಿಟ್ಟು, ಮರದಿಂದ ಮರಕ್ಕೆ ಕಟ್ಟಿ, ಹಾಸಿಗೆಯನ್ನು ಇಳಿಸಿದರು. ರಸ್ತೆ ಮುಟ್ಟುವಾಗ ಬೆಳಕು ಆರುತ್ತಿತ್ತು. ಆಂಬುಲೆನ್ಸ್ ಹೋದಮೇಲೆ ದಳದವರು ಸಾಮಾನು ಒಳಗಿಟ್ಟರು. ಆಂಬ್ರೋಸ್ ಹಗ್ಗವನ್ನು ನೆಲಕ್ಕೆ ಎಸೆದು ಹೋದ. ಮೇನಾ ಅದನ್ನು ಎತ್ತಿ, ಹಿಮ ಒರೆಸಿ, ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದಳು.

ಜೀವ ಉಳಿಯಿತು. ಕಾಲನ್ನು ಮಂಡಿಯ ಮೇಲಿಂದ ತೆಗೆದರು. ವೈದ್ಯರು ಹೆಡ್ವಿಗ್‌ಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಆ ಕಟ್ಟು ಕಟ್ಟದಿದ್ದರೆ ಮನುಷ್ಯ ಹೋಗುತ್ತಿದ್ದ; ಅದು ಅಷ್ಟು ಹೊತ್ತು ಇದ್ದುದರಿಂದ ಕಾಲು ಹೋಯಿತು; ಎರಡು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿತ್ತೋ ಏನೋ. ಕಟ್ಟಲು ಹೇಳಿದವಳೂ ಮೇನಾ, ತಡ ಮಾಡಿದವಳೂ ಮೇನಾ. ಊರಿಗೆ ಲೆಕ್ಕ ಸುಲಭವಾಯಿತು.

ಕೋಫ್ಲರ್ ಇಳಿಜಾರು ಭಾನುವಾರ ನಿಂತಿತ್ತು. ಸೋಮವಾರವೂ ನಿಂತಿತ್ತು. ಮಂಗಳವಾರ ತುಂತುರು ಮಳೆ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಇಡೀ ಇಳಿಜಾರು ಹುಲ್ಲು ಕಾಣುವಂತೆ ಒಮ್ಮೆಲೇ ಬರಿದಾಗಿ ಕೆಳಗಿಳಿಯಿತು. ಹುಲ್ಲುದಾರಿಯ ಮೇಲೆ ಮನೆಯೆತ್ತರ ಹಿಮ, ಮಣ್ಣು, ಮುರಿದ ಪೊದೆಗಳ ರಾಶಿ. ಯಾರೂ ಅದರಡಿ ಇರಲಿಲ್ಲ.

ಇದನ್ನು ಕಂಡು ಊರು ಅವಳ ಪರ ತಿರುಗಿತು ಎಂದುಕೊಂಡರೆ ನೀವು ಊರುಗಳನ್ನು ಬಲ್ಲವರಲ್ಲ. ಹೋಟೆಲಿನಲ್ಲಿ ಒಬ್ಬ ಹೇಳಿದ ಮಾತು ಎಲ್ಲರ ಬಾಯಿಗೂ ಬಂತು: "ಮಂಗಳವಾರ ಬೀಳೋ ಹಿಮಕ್ಕೆ ಶನಿವಾರ ಕಾಲು ಕೊಯ್ಸಿದ್ಲು." ಮಾತಿನಲ್ಲಿ ಸುಳ್ಳಿರಲಿಲ್ಲ. ಶನಿವಾರ ಅದು ನಿಂತಿತ್ತು. ಆರು ಜನ ಅದರಡಿ ಹೋಗಿ ಬರಬಹುದಿತ್ತು. ಮೇನಾ ಇದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ನಾಯಕತ್ವ ಬಿಡುತ್ತೀಯಾ ಎಂದು ಮೇಯರ್ ಕೇಳಿದಾಗ, "ಬೇಡ ಅಂದ್ರೆ ನೀವೇ ತೆಗೀರಿ. ನಾನು ಬಿಡಲ್ಲ," ಎಂದಳು. ದಳದವರನ್ನು ಕರೆಸಿದರು. ಕೈ ಎತ್ತಲು ಹೇಳಿದಾಗ ಅವಳ ವಿರುದ್ಧ ಎತ್ತಿದವನು ಆಂಬ್ರೋಸ್ ಒಬ್ಬನೇ. ಅಂದು ಕಾಡು ಹತ್ತಿದ ಉಳಿದವರು ಮೇಜು ನೋಡುತ್ತ ಕೂತಿದ್ದರು.

ಆಸ್ಪತ್ರೆಗೆ ಅವಳು ಒಬ್ಬಳೇ ಹೋದಳು. ಅಣ್ಣನ ಪಕ್ಕದಲ್ಲಿ ಹೆಡ್ವಿಗ್ ಇದ್ದಳು.

"ಇಳಿಜಾರು ನಿಂತಿತ್ತಂತೆ, ಶನಿವಾರವೆಲ್ಲ," ಎಂದ ಕಾಸಿಯಾನ್.

"ಹೌದು."

"ಮತ್ತೆ ಹೀಗೇ ಆದ್ರೆ? ಇನ್ನೊಂದು ಕಾಲಿಗೆ?"

"ಏಣಿನ ಮೇಲೇ ಬರ್ತೀನಿ."

"ಸುಳ್ಳಾದ್ರೂ ಹೇಳಬಾರದಾ, ಹಾಳಾದೋಳೆ," ಎಂದ ಕಾಸಿಯಾನ್, ಮುಖವನ್ನು ಗೋಡೆಗೆ ತಿರುಗಿಸಿದ. ಆ ಚಳಿಗಾಲ ಮುಗಿಯುವವರೆಗೆ ಅವಳೊಡನೆ ಮಾತಾಡಲಿಲ್ಲ. ಫೆಬ್ರವರಿಯಲ್ಲಿ ಅವನ ಮನೆಯ ಚಿಮಣಿಗೆ ಸರದಿ ಬಂದಾಗ ಮೇನಾ ಹೋದಳು. ಊರುಗೋಲಿನ ಸದ್ದು ಒಳಕೋಣೆಗೆ ಸರಿಯಿತು, ಬಾಗಿಲು ಮುಚ್ಚಿತು. ಅವಳು ಗುಡಿಸಿ ಬಂದಳು. ಹೆಡ್ವಿಗ್ ಕಾಫಿ ಕೊಟ್ಟಳು, ನಿಂತೇ ಕುಡಿದಳು.

ಹಿಮ ಕರಗಿದಮೇಲೆ ಮೇನಾ ಕೋಫ್ಲರ್ ಮುದುಕನ ಮನೆಗೆ ಹೋಗಿ ಇಳಿಜಾರಿನ ಹುಲ್ಲು ಕೊಯ್ಯಲು ಅನುಮತಿ ಕೇಳಿದಳು.

"ಹುಲ್ಲು ಯಾರಿಗೆ?" ಎಂದ ಅವನು.

"ಯಾರಿಗೆ ಬೇಕೋ ಅವರಿಗೆ. ಯಾರಿಗೂ ಬೇಡದಿದ್ರೆ ಕೊಳೀಲಿ. ನಂಗೆ ಬೇಕಾಗಿರೋದು ಕೂಳೆ."

"ಅಷ್ಟು ಕಡಿದಾದ ಜಾಗ. ಯಂತ್ರ ಹತ್ತಲ್ಲ. ಕುಡುಗೋಲಲ್ಲಿ ಯಾರು ಕೊಯ್ತಾರೆ ಈಗ?"

"ನಾನು."

"ಚಿಮಣಿ ಗುಡಿಸೋಳು!"

"ಛಾವಣಿ ಮೇಲೆ ನಿಲ್ಲೋಳಿಗೆ ಇಳಿಜಾರು ದೊಡ್ಡದಾ?"

ಆಗಸ್ಟಿನಲ್ಲಿ ಅವಳು ಬೂಟಿಗೆ ಮುಳ್ಳು ಕಟ್ಟಿಕೊಂಡು, ಉದ್ದ ಹಿಡಿಯ ಕುಡುಗೋಲು ಹಿಡಿದು ಹೋದಳು. ಮೊದಲ ದಿನ ಒಬ್ಬಳೇ. ಎರಡನೆಯ ದಿನ ದಳದ ಇಬ್ಬರು ಬಂದರು, ಕೊಯ್ಯಲು ಬಾರದೆ ನೆಲ ಕೆತ್ತಿದರು. ಸೆವೆರಿನ್ ಬಂದ, ಕೊಯ್ದದ್ದಕ್ಕಿಂತ ಹೆಚ್ಚು ತಿಂದ, ಆದರೆ ಬಂದ. ಕುಡುಗೋಲುಗಳು ಬೇಗ ಮೊಂಡಾದವು. ಅಲಗನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಳುವಾಗಿಸಿ ಹರಿತ ಮಾಡಬೇಕು. ಊರಿನಲ್ಲಿ ಆ ಕೈ ಉಳಿದಿರುವುದು ಕೆಲವರಿಗೆ ಮಾತ್ರ, ಕಾಸಿಯಾನನಿಗೆ ಎಲ್ಲರಿಗಿಂತ ಚೆನ್ನಾಗಿ.

ಮೂರನೆಯ ದಿನ ಆಂಬ್ರೋಸನ ಟ್ರ್ಯಾಕ್ಟರ್ ಇಳಿಜಾರಿನ ಬುಡಕ್ಕೆ ಬಂದು ನಿಂತಿತು. ಅವನು ಅತ್ತೆಯ ಕಡೆ ನೋಡದೆ ಅಪ್ಪನನ್ನು ಇಳಿಸಿದ. ಕಲ್ಲಿನ ಮೇಲೆ ಕೂರಿಸಿದ. ಮುಂದೆ ಅಲಗು ತಟ್ಟುವ ಪುಟ್ಟ ಅಡೆಗಲ್ಲು ನೆಟ್ಟ. ನಂತರ ತನ್ನ ಕುಡುಗೋಲು ತೆಗೆದುಕೊಂಡು ಇಳಿಜಾರಿನ ಇನ್ನೊಂದು ತುದಿಗೆ ಹೋದ. ಕಾಸಿಯಾನ್ ಕೃತಕ ಕಾಲನ್ನು ಚಾಚಿ ಕೂತು ಅಲಗು ತಟ್ಟತೊಡಗಿದ. ದಿನವಿಡೀ ಟಕ್ ಟಕ್ ಸದ್ದು. ಮೊಂಡಾದದ್ದನ್ನು ತಂದು ಇಡುವವರು, ಹರಿತವಾದದ್ದನ್ನು ಎತ್ತಿಕೊಂಡು ಹೋಗುವವರು. ಮೇನಾಳ ಕುಡುಗೋಲನ್ನೂ ತಟ್ಟಿದ. ಮಾತಿಲ್ಲ.

ಸಂಜೆ ಎಲ್ಲರೂ ಇಳಿದು ಬರುವಾಗ ಕಾಸಿಯಾನ್ ಕಣ್ಣ ಮೇಲೆ ಕೈ ಅಡ್ಡ ಹಿಡಿದು ಇಳಿಜಾರನ್ನು ಮೇಲಿನಿಂದ ಕೆಳಕ್ಕೆ ನೋಡಿದ.

"ಮೇನಾ."

ಅವಳು ನಿಂತಳು.

"ಲಾರ್ಚ್ ಮರದ ಎಡಕ್ಕೆ ಬಿಟ್ಟುಬಿಟ್ಟಿದ್ದೀಯ. ಬಾಯಿ ಬಿಟ್ಟಿದ್ದು ಅಲ್ಲೇ ಅಲ್ವಾ? ಅರ್ಧಂಬರ್ಧ ಕೆಲಸ ಮಾಡೋದಾದ್ರೆ ನನ್ನ ಯಾಕೆ ಇಲ್ಲಿ ಕೂರಿಸಿದ್ರಿ?"

"ಕಡಿದಾಗಿದೆ ಅಲ್ಲಿ. ನಾಳೆ ಹಗ್ಗ ಕಟ್ಕೊಂಡು ಹೋಗೋಣ ಅಂತಿದ್ದೆ."

"ಹಗ್ಗ ಯಾರು ಹಿಡೀತಾರೆ?"

ಮೇನಾ ಸುತ್ತ ನೋಡಿದಳು. ಸೆವೆರಿನ್ ಆಗಲೇ ಟ್ರ್ಯಾಕ್ಟರ್ ಹತ್ತಿ ಕೂತಿದ್ದ. ಆಂಬ್ರೋಸ್ ಕುಡುಗೋಲಿನ ಅಲಗಿಗೆ ಬಟ್ಟೆ ಸುತ್ತುತ್ತಿದ್ದ, ತಲೆ ಎತ್ತದೆ.

"ನಾನು," ಎಂದ ಅವನು.

"ನೀನು ಹಿಡಿ," ಎಂದಳು ಮೇನಾ. "ಬೆಳಿಗ್ಗೆ ಬೇಗ ಬಾ. ಇಬ್ಬನಿ ಇರುವಾಗ್ಲೇ ಹುಲ್ಲು ಚೆನ್ನಾಗಿ ಕೊಯ್ಯೋಕೆ ಬರೋದು."